ಮಗ ಗಡಿಯಲ್ಲಿ, ನೆಟ್‌ವರ್ಕ್ ಇಲ್ಲದ್ದು ನಮ್ಮ ಮನೆಯಲ್ಲಿ: ಸೇನೆಯಲ್ಲಿರುವ ಮಕ್ಕಳ ಜೊತೆ ಮಾತು ಕಡಿಯದಂತೆ ನೋಡಿಕೊಳ್ಳುವ ಬಗೆ

2018ರ ಆಗಸ್ಟ್‌ನಲ್ಲಿ ನನ್ನ ಮಗ ಕಾಶ್ಮೀರದಲ್ಲಿದ್ದ. ನಾನು ಕೊಡಗಿನ ಮಾದಾಪುರದ ಕಡೆ ನಮ್ಮ ತೋಟದ ಮನೆಯಲ್ಲಿದ್ದೆ. ಕರೆಂಟಿಲ್ಲ, ಟವರ್ ಇಲ್ಲ, ಎದುರಿನ ಗುಡ್ಡ ಜರಿದು ರಸ್ತೆಯೂ ಇಲ್ಲ. ಐದನೇ ದಿನ ಸುಂಟಿಕೊಪ್ಪದ ನೆಂಟರ ಮನೆ ಸೇರಿ ಫೋನ್ ಚಾರ್ಜಿಗೆ ಹಾಕಿದೆ. ಅವನ ಮೆಸೇಜುಗಳು ಒಂದರ ಮೇಲೊಂದು ಬೀಳತೊಡಗಿದವು. ಕೊನೆಯದರಲ್ಲಿ ಎರಡೇ ಪದ: "ಅವ್ವಾ, ಎಲ್ಲಿದ್ದೀಯ?"

ಗಡಿ ಕಾಯುತ್ತಿದ್ದವನು ಅವನು. ಮನೆಯ ಸುದ್ದಿ ಸಿಗದೆ ಒದ್ದಾಡಿದವನೂ ಅವನೇ. ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೇ ಬೇರೆ. ಮಾತು ಕಡಿಯೋದು ಯಾವಾಗಲೂ ಅವರ ಕಡೆಯಿಂದ, ನಾವು ಸುಮ್ನೆ ಕಾಯಬೇಕು ಅಂತ. ಹಾಗಲ್ಲ. ಅವರ ತುದಿಯಲ್ಲಿ ನಮ್ಮ ಕೈಲಾಗುವುದು ಏನೂ ಇಲ್ಲ, ನಿಜ. ನಮ್ಮ ತುದಿಯಲ್ಲಿ ಮಾತ್ರ ಬೇಕಾದಷ್ಟಿದೆ. ಕೊಡಗಿನಲ್ಲಿ ಎರಡು ಮನೆಗೊಬ್ಬರು ಫೌಜಿ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಹೊಸದಾಗಿ ಮಗನನ್ನೋ ಮಗಳನ್ನೋ ಕಳಿಸಿದ ಮನೆಯವರಿಗೆ ಇದನ್ನೆಲ್ಲ ಯಾರೂ ಕೂರಿಸಿ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

1. ರಜೆಯಲ್ಲಿ ಬಂದಾಗಲೇ ಒಂದು ಹಾಳೆ ಬರೆಸಿಕೊಳ್ಳಿ

ಮಕ್ಕಳು ರಜೆಗೆ ಬಂದರೆ ಮೊದಲ ವಾರ ನಿದ್ದೆ, ಎರಡನೇ ವಾರ ಮದುವೆ ಮನೆಗಳು, ಮೂರನೇ ವಾರ ಗೆಳೆಯರು. ಹೊರಡುವ ಹಿಂದಿನ ರಾತ್ರಿ ಟ್ರಂಕ್ ತುಂಬುವಾಗ ಏನು ಕೇಳಿದರೂ "ಆಯ್ತವ್ವಾ" ಅಂತಾರೆ. ಹಾಗಾಗಿ ಬಂದ ಮೂರನೇ ನಾಲ್ಕನೇ ದಿನವೇ, ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಪೇಪರ್, ಪೆನ್ನು ಹಿಡಿದು ಕೂತುಬಿಡಿ.

ಹಾಳೆಯಲ್ಲಿ ಇರಬೇಕಾದ್ದು: ಅವರ ಆರ್ಮಿ ನಂಬರ್, ರ್ಯಾಂಕ್, ರೆಕಾರ್ಡಿನಲ್ಲಿರುವ ಪೂರ್ತಿ ಹೆಸರು (ಮನೆಹೆಸರು ಮುಂದಿದೆಯಾ ಹಿಂದಿದೆಯಾ ನೋಡಿ, ನಮ್ಮ ಕಡೆ ಇದೇ ದೊಡ್ಡ ತೊಡಕು). ಯೂನಿಟ್ ಮತ್ತು ಕಂಪನಿ (ಯೂನಿಟ್ಟಿನೊಳಗಿನ ತುಕಡಿ). ಅಂಚೆ ವಿಳಾಸ. ತುರ್ತಿಗೆ ಯೂನಿಟ್‌ನಲ್ಲಿ ಯಾರನ್ನು ಕೇಳಬೇಕು, ಯಾವ ನಂಬರಿಗೆ. ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸ್ (ಸೇವಾ ದಾಖಲೆ ಇಡುವ ಕಚೇರಿ) ಯಾವ ಊರಿನಲ್ಲಿದೆ. ಜೊತೆಯಲ್ಲಿರುವ ಒಬ್ಬ ಗೆಳೆಯನ ನಂಬರ್, ಅವನನ್ನು ಕೇಳಿಯೇ.

ಒಂದು ಮಾತು ಖಂಡಿತ ಕೇಳಿ: "ನಿನ್ನ ದಾಖಲೆಯಲ್ಲಿ ನಮ್ಮ ಫೋನ್ ನಂಬರ್ ಯಾವುದಿದೆ?" ಭರ್ತಿಯಾದಾಗ ಕೊಟ್ಟ ನಂಬರು ಎಷ್ಟೋ ಮನೆಗಳಲ್ಲಿ ಈಗ ಚಾಲ್ತಿಯಲ್ಲೇ ಇರುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಆರು ವರ್ಷ ಹಿಂದೆ ಬಿಟ್ಟ ಸಿಮ್ಮಿನ ನಂಬರ್ ಅಲ್ಲಿ ಕೂತಿತ್ತು. ನೀವು ನಂಬರ್ ಬದಲಿಸಿದರೆ, ಮನೆ ಬದಲಿಸಿದರೆ ಅವನಿಗೆ ಹೇಳಿ ದಾಖಲೆಯಲ್ಲೂ ಬದಲಾಯಿಸಲು ಹೇಳಿ. ಮದುವೆ, ಮಗು ಹುಟ್ಟಿದ್ದು ಕೂಡ ಪಾರ್ಟ್ ಟು ಆರ್ಡರ್ ಅನ್ನುವ ಸೇವಾ ದಾಖಲೆಯಲ್ಲಿ ಸೇರಬೇಕು.

ಈ ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಬೇಡಿ. ಒಂದು ಪ್ರತಿ ಬೀರುವಿನಲ್ಲಿ, ಇನ್ನೊಂದು ನಂಬಿಕೆಯ ಒಬ್ಬರ ಕೈಯಲ್ಲಿ. ಅಷ್ಟೇ. ನಮ್ಮದು ಅಡುಗೆಮನೆ ಕ್ಯಾಲೆಂಡರಿನ ಹಿಂದಿದೆ, ಬೀರುವಿನ ಬೀಗದ ಕೈ ನನಗೆ ಬೇಕಾದಾಗ ಸಿಕ್ಕಿದ್ದೇ ಇಲ್ಲ.

2. ನಮ್ಮ ಮನೆಯ ತುದಿ ಗಟ್ಟಿ ಮಾಡಿ

2025ರ ಜನವರಿಯಲ್ಲಿ ಸಿಯಾಚಿನ್‌ಗೆ 4ಜಿ, 5ಜಿ ಬಂತು ಅಂತ ಸುದ್ದಿ ಓದಿ ನಮ್ಮ ಮನೆಯವರು ನಕ್ಕರು. ನಮ್ಮ ಅಂಗಳದಲ್ಲಿ ಆಗ ಒಂದೇ ಕಡ್ಡಿ ಸಿಗ್ನಲ್, ಅದೂ ಹಲಸಿನ ಮರದ ಕೆಳಗೆ ನಿಂತರೆ.

ಜೂನ್‌ನಿಂದ ಆಗಸ್ಟ್‌ವರೆಗೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮರ ಬಿದ್ದು ಲೈನ್ ಕಟ್ ಆಗುತ್ತದೆ. ಟವರ್ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ನಡೆಯುತ್ತದೆ, ಆಮೇಲೆ ಜನರೇಟರ್, ಡೀಸೆಲ್ ಮುಗಿದರೆ ಅದೂ ಸತ್ತಿತು. ಇದಕ್ಕೆ ಮೇ ತಿಂಗಳಲ್ಲೇ ತಯಾರಾಗಬೇಕು.

ಮೊದಲನೆಯದು, ಮನೆಯಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಗಂಡನದ್ದು ಹೆಂಡತಿಯದ್ದು ಒಂದೇ ಕಂಪನಿಯಾದರೆ ಒಂದೇ ಸಲ ಎರಡೂ ಸಾಯುತ್ತವೆ. ಯಾವುದು ಗೇಟಿನ ಹತ್ತಿರ ಸಿಗುತ್ತದೆ, ಯಾವುದು ಕಣದ ಹತ್ತಿರ ಸಿಗುತ್ತದೆ ಅಂತ ಒಂದು ಸಂಜೆ ಫೋನ್ ಹಿಡಿದು ಸುತ್ತಾಡಿ ನೋಡಿಕೊಳ್ಳಿ.

ಎರಡನೆಯದು, ಫೈಬರ್ ಇಂಟರ್‌ನೆಟ್ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಹೋದರೂ ಫೈಬರ್ ಉಳಿದಿದ್ದರೆ ಮಾಮೂಲಿ ನಂಬರಿಗೇ ಕರೆ ಬರುತ್ತದೆ. ಆದರೆ ರೂಟರಿಗೆ ಕರೆಂಟ್ ಬೇಕಲ್ವಾ? ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಕೊಳ್ಳಿ, ಕೆಲವು ಗಂಟೆ ತಳ್ಳುತ್ತದೆ. ಹಳೆಯ ತಂತಿ ಫೋನ್ ಇನ್ನೂ ಇಟ್ಟುಕೊಂಡವರು ಪುಣ್ಯವಂತರು. ಅದಕ್ಕೆ ಮನೆಯ ಕರೆಂಟೇ ಬೇಡ, ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ. ನಾವು ಬುದ್ಧಿವಂತರಂತೆ ಅದನ್ನು ಕಿತ್ತು ಹಾಕಿದೆವು.

ಮೂರನೆಯದು ಪವರ್ ಬ್ಯಾಂಕ್. ಎರಡಿರಲಿ. ಕರೆಂಟ್ ಇದ್ದಾಗಲೇ ತುಂಬಿಸಿಡಿ, ಮಕ್ಕಳಿಗೆ ವಿಡಿಯೋ ನೋಡಲು ಕೊಡಬೇಡಿ.

ನಾಲ್ಕನೆಯದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಕೊಡಗಿನ ಹೊರಗೆ ಒಂದು "ಸುದ್ದಿ ಮನೆ" ಗೊತ್ತು ಮಾಡಿ. ಮೈಸೂರಿನ ಚಿಕ್ಕಮ್ಮನೋ, ಬೆಂಗಳೂರಿನ ಅಕ್ಕನೋ, ಯಾರಾದರೂ ಒಬ್ಬರು. ಮನೆಗೆ ಫೋನ್ ಸಿಗದಿದ್ದರೆ ಮಗ ಅವರಿಗೆ ಮಾಡಬೇಕು. ನಮಗೂ ಅವನು ಸಿಗದಿದ್ದರೆ ನಾವೂ ಅವರಿಗೇ ಹೇಳಿಡಬೇಕು. ಇಬ್ಬರಲ್ಲಿ ಯಾರಿಗೆ ಯಾವಾಗ ಸಿಗ್ನಲ್ ಸಿಕ್ಕಿದರೂ ಮಾತು ಅಲ್ಲಿ ಕಾದಿರುತ್ತದೆ. 2018ರಲ್ಲಿ ಇದೊಂದು ಇದ್ದಿದ್ದರೆ ನನ್ನ ಮಗನಿಗೆ ಐದು ದಿನ ನಿದ್ದೆಗೆಡುವ ಕೆಲಸ ಇರಲಿಲ್ಲ. ನೆರೆಯವರು ಮಡಿಕೇರಿ ತಲುಪಿದ ದಿನವೇ ಮೈಸೂರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿ ಹತ್ತಿರ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದಾಗ ನನ್ನ ತಂಗಿ ಮೈಸೂರಿನಿಂದ ಅವನಿಗೆ ಹಾಕಿದ ಮೆಸೇಜ್ ಒಂದೇ: "ಮನೆಯವರೆಲ್ಲ ಚೆನ್ನಾಗಿದ್ದಾರೆ. ಅದು ನಮ್ಮ ಕಡೆ ಅಲ್ಲ."

ಅವನ ಕಡೆಯದೂ ಒಂದು ಇದೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ, ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇರಬೇಕು, ಇಲ್ಲವೇ ಅಲ್ಲಿಯ ಸಿಮ್ ತಗೋಬೇಕು. ಪೋಸ್ಟ್‌ಪೇಯ್ಡ್ ಆದರೆ ಬಿಲ್ ಕಟ್ಟುವ ಹೊಣೆ ಮನೆಯವರು ಹೊತ್ತುಕೊಳ್ಳಿ. ಗಡಿಯ ಪೋಸ್ಟ್ ಮೇಲೆ ಕೂತವನಿಗೆ ಬಿಲ್ ತಾರೀಖು ನೆನಪಿರುತ್ತಾ?

3. ಫೋನ್ ಬಂದಾಗ

ಎತ್ತರದ ಪೋಸ್ಟ್‌ಗಳಿಂದ ಕೆಲವು ಸಲ ಉಪಗ್ರಹ ಫೋನಿನಲ್ಲಿ ಮಾತಾಡುತ್ತಾರೆ. ಡಿಎಸ್‌ಪಿಟಿ ಅಂತಾರೆ. ಮೊದಲು ನಿಮಿಷಕ್ಕೆ 5 ರೂಪಾಯಿ ಇತ್ತು, 2017ರ ದೀಪಾವಳಿಯಿಂದ 1 ರೂಪಾಯಿ ಆಯಿತು. ಆ ಕರೆ ಬಂದಾಗ ಪರದೆಯ ಮೇಲೆ ಮಗನ ಹೆಸರು ಬರುವುದಿಲ್ಲ, ಯಾವುದೋ ಕಾಣದ ನಂಬರ್ ಬರುತ್ತದೆ. ಸಾಲ ಕೊಡುವ ಕಂಪನಿಯವರು ಅಂತ ನಾನು ಎರಡು ಸಲ ಕಟ್ ಮಾಡಿದ್ದೇನೆ! ಅವನು ಸಾಲಿನಲ್ಲಿ ನಿಂತು ಸರದಿ ಕಾದು ಮಾಡಿದ ಕರೆ. ಆಮೇಲೆ ಗೊತ್ತಾದಾಗ ಊಟ ಸೇರಲಿಲ್ಲ. ಅಪರಿಚಿತ ನಂಬರ್ ತಡೆಯುವ ಆ್ಯಪ್, "ಗೊತ್ತಿಲ್ಲದ ಕರೆ ಸೈಲೆಂಟ್ ಮಾಡು" ಅನ್ನುವ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ಎತ್ತಿಕೊಂಡ ಮೇಲೆ ಮೋಸದವರಾದರೆ ಇಟ್ಟರಾಯಿತು.

ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಮಾತು ಅಲ್ಲಿಗೆ ಹೋಗಿ ಇಳಿದು ಬರುವಷ್ಟರಲ್ಲಿ ಚೂರು ತಡವಾಗುತ್ತದೆ. "ಹಲೋ" ಅಂತೀರಿ, ಉತ್ತರ ಇಲ್ಲ. ಮತ್ತೆ "ಹಲೋ" ಅಂತೀರಿ, ಅಷ್ಟರಲ್ಲಿ ಅವನ ಮೊದಲ "ಹಲೋ" ಬಂದು ಡಿಕ್ಕಿ ಹೊಡೆಯುತ್ತದೆ. ಇಬ್ಬರೂ "ಹಲೋ ಹಲೋ" ಅನ್ನುವುದರಲ್ಲೇ ಎರಡು ನಿಮಿಷ ಮುಗಿಯುತ್ತದೆ. ನೀವು ಒಂದು ವಾಕ್ಯ ಹೇಳಿ ಒಂದು ಉಸಿರು ಬಿಡುವಷ್ಟು ಸುಮ್ಮನಿರಿ. ಅವನು ಮಾತಾಡಲಿ.

ಸಿಗುವುದು ಐದು ನಿಮಿಷ ಅಂದುಕೊಂಡೇ ಮಾತಾಡಿ. ಮೊದಲ ಮಾತು "ನಾವೆಲ್ಲ ಚೆನ್ನಾಗಿದ್ದೇವೆ". ಆಮೇಲೆ ಅವನದು. ತೋಟದ ಕಳ್ಳ, ಅಣ್ಣತಮ್ಮಂದಿರ ಗಡಿ ತಕರಾರು, ಕಾಫಿ ರೇಟು ಬಿದ್ದದ್ದು, ಇವು ಮೊದಲು ಬೇಡ. ಹಾಗಂತ ಎಲ್ಲವನ್ನೂ ಮುಚ್ಚಿಡುವುದೂ ತಪ್ಪು. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ನಾನು ಹೇಳದೆ ಬಿಟ್ಟೆ. ಯಾರೋ ಸಂತಾಪ ಹೇಳಲು ಹೋಗಿ ಅವನಿಗೆ ಗೊತ್ತಾಯಿತು. ಅಂದಿನಿಂದ ನಾನು "ಎಲ್ಲ ಸರಿ ಇದೆ" ಅಂದರೂ ಅವನು ತಂಗಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾನೆ. ಕೆಟ್ಟ ಸುದ್ದಿ ಇದ್ದರೆ ಮೊದಲು ಕೇಳಿ, "ಈಗ ಡ್ಯೂಟಿಯಲ್ಲಿದ್ದೀಯಾ, ಜೊತೆಗೆ ಯಾರಾದರೂ ಇದ್ದಾರಾ?" ಅಂತ. ಸೆಂಟ್ರಿಗೆ ಹೊರಟವನ ಕಿವಿಗೆ ಹಾಕಬೇಡಿ.

ನನ್ನ ಗೆಳತಿಯ ಮಗಳು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದಾಳೆ. ಮಗಳು ಅನ್ನೋ ಕಾರಣಕ್ಕೆ ದಿನಕ್ಕೆ ಮೂರು ಸಲ ಫೋನ್, "ರೂಮಿಗೆ ಬಂದ್ಯಾ" ಅಂತ. ನೈಟ್ ಡ್ಯೂಟಿ ಮುಗಿಸಿ ಮಲಗಿದವಳನ್ನು ಎಬ್ಬಿಸಿ ಕೇಳುವುದು! ಮಗನಿಗೆ ವಾರಕ್ಕೊಮ್ಮೆ ಸಾಕಾದರೆ ಮಗಳಿಗೂ ಸಾಕು. ಅವಳೂ ಅದೇ ಸಮವಸ್ತ್ರ ಹಾಕಿದವಳು.

4. ಮೆಸೇಜು ಮತ್ತು ಆ ಹಾಳು ಟಿಕ್ಕುಗಳು

ವಾಟ್ಸಾಪಿನಲ್ಲಿ ಒಂದು ಟಿಕ್ ಅಂದರೆ ಅವನ ಫೋನ್ ಆಫ್ ಇದೆ, ಇಲ್ಲವೇ ನೆಟ್ ಇಲ್ಲ. ಅದರಾಚೆಗೆ ಯಾವ ಅರ್ಥವೂ ಇಲ್ಲ. ಪೆಟ್ಟಾಗಿದೆ ಅಂತಲ್ಲ, ಸಿಟ್ಟಾಗಿದ್ದಾನೆ ಅಂತಲೂ ಅಲ್ಲ. ಲಾಸ್ಟ್ ಸೀನ್ ನೋಡುವ ಚಟ ಇದ್ದರೆ ಅವನಿಗೇ ಹೇಳಿ ಅದನ್ನು ಮುಚ್ಚಿಸಿಬಿಡಿ. ನನಗೆ ಅದರಿಂದ ಅರ್ಧ ತಲೆನೋವು ಹೋಯಿತು.

ಉದ್ದ ವಿಡಿಯೋ ಕಳಿಸಬೇಡಿ, ದುರ್ಬಲ ನೆಟ್‌ನಲ್ಲಿ ಅದು ತೆರೆಯುವುದೇ ಇಲ್ಲ. ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಮಾತೇ ಆಗಬೇಕೆಂದಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗಿನ ಗುಂಡಿನ ಸದ್ದು, "ಪೊಲಿ ಪೊಲಿ ದೇವಾ" ಅನ್ನುವ ಕೂಗು, ಹಿಂದೆ ನಾಯಿ ಬೊಗಳಿದ್ದು, ಇಷ್ಟನ್ನು ರೆಕಾರ್ಡ್ ಮಾಡಿ ಕಳಿಸಿದ್ದೆ. ಹನ್ನೆರಡು ದಿನ ಬಿಟ್ಟು ಎರಡು ಟಿಕ್ ಬಂತು. ಮರುದಿನ ಅವನ ಉತ್ತರ: "ಗುಂಡು ಹೊಡೆದದ್ದು ದೊಡ್ಡಪ್ಪನಾ? ಲೇಟಾಗಿ ಹೊಡೆದರು."

ಮೆಸೇಜಿನ ಶುರುವಿನಲ್ಲಿ 1, 2, 3 ಅಂತ ನಂಬರ್ ಹಾಕುವುದು ನಮ್ಮ ಮನೆಯವರಿಂದ ಕಲಿತದ್ದು. ಅವರು ಸರ್ವಿಸ್‌ನಲ್ಲಿದ್ದಾಗ ಇನ್‌ಲ್ಯಾಂಡ್ ಲೆಟರಿನ ಮೂಲೆಯಲ್ಲಿ ಹಾಕುತ್ತಿದ್ದರು. ಏಳನೆಯದು ಬಂದು ಆರನೆಯದು ಬಾರದಿದ್ದರೆ ಯಾವುದೋ ದಾರಿಯಲ್ಲಿದೆ ಅಂತ ತಿಳಿಯುತ್ತಿತ್ತು. ಇಲ್ಲದಿದ್ದರೆ "ಹೋದ ಕಾಗದದಲ್ಲಿ ಬರೆದಂತೆ" ಅನ್ನೋ ಸಾಲು ಓದಿ ಯಾವ ಕಾಗದ ಅಂತ ತಲೆ ಕೆರೆದುಕೊಳ್ಳಬೇಕು.

5. ಕಾಗದ, ಪಾರ್ಸೆಲ್

ಕಾಗದದ ಕಾಲ ಮುಗಿಯಿತು ಅನ್ನಬೇಡಿ. ಫೋನ್ ಬಿಟ್ಟು ಹೋಗಬೇಕಾದ ಕಡೆಗೂ ಮಡಚಿದ ಕಾಗದ ಜೇಬಿನಲ್ಲಿ ಹೋಗುತ್ತದೆ.

ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ, ಇರಲೂ ಬಾರದು. ಮೊದಲ ಸಾಲು ನಂಬರ್, ರ್ಯಾಂಕ್, ಹೆಸರು. ಎರಡನೆಯದು ಕಂಪನಿ, ಯೂನಿಟ್. ಮೂರನೆಯದು 9ರಿಂದ ಶುರುವಾಗುವ ಆರಂಕಿಯ ಪಿನ್. ಕೊನೆಗೆ ಕೇರಾಫ್ 56 ಎಪಿಒ ಅಥವಾ ಕೇರಾಫ್ 99 ಎಪಿಒ (ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್). 56 ಅಂದರೆ ದೆಹಲಿಯ ಸೇನಾ ಅಂಚೆ ಕೇಂದ್ರದ ಮೂಲಕ, 99 ಅಂದರೆ ಕೋಲ್ಕತ್ತಾ ಮೂಲಕ, ಪೂರ್ವದ ಕಡೆಯವರಿಗೆ. ಅಲ್ಲಿಂದ ಮುಂದೆ ಯೂನಿಟ್ ಎಲ್ಲಿದೆ ಅಂತ ಸೇನೆಯ ಅಂಚೆಯವರಿಗೆ ಗೊತ್ತು. ನಮಗೆ ಗೊತ್ತಿರಬೇಕಾಗಿಲ್ಲ. ಮೊದಲ ಪಾರ್ಸೆಲಿನ ಮೇಲೆ ನಾನು ಬೇಗ ತಲುಪಲಿ ಅಂತ ಆ ಊರಿನ ಹೆಸರನ್ನೂ ದಪ್ಪಕ್ಕೆ ಬರೆದಿದ್ದೆ. ಪೋಸ್ಟ್ ಆಫೀಸಿನಲ್ಲಿ ಹಿಂದೆ ನಿಂತಿದ್ದ ಒಬ್ಬ ನಿವೃತ್ತ ಹವಾಲ್ದಾರರು ನೋಡಿ, "ಅಮ್ಮಾ, ಮೊದಲು ಅದನ್ನು ಹೊಡೆದು ಹಾಕಿ" ಅಂದರು.

ಖಾಸಗಿ ಕೊರಿಯರ್ ಈ ವಿಳಾಸಕ್ಕೆ ಹೋಗುವುದಿಲ್ಲ, ಅಂಚೆಯೇ ಗತಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ. ವಿಳಾಸವನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದೇ ವಿಳಾಸದ ಒಂದು ಚೀಟಿ ಒಳಗೂ ಇಡಿ, ಹೊರಗಿನದು ಮಳೆಯಲ್ಲಿ ಅಳಿಸಿದರೆ ಇದು ಕೆಲಸಕ್ಕೆ ಬರುತ್ತದೆ.

ಒಳಗೆ ಏನು? ಒಣ ಪದಾರ್ಥ ಮಾತ್ರ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಬಾಳೆಕಾಯಿ ಚಿಪ್ಸ್, ಚಕ್ಕುಲಿ, ಉಣ್ಣೆ ಸಾಕ್ಸು. ನಾನು ಒಂದು ಸಲ ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿರಸ, ಕಳಿಸಿದೆ. ಚಿಕ್ಕ ಬಾಟಲಿ, ಮುಚ್ಚಳಕ್ಕೆ ಮೇಣ, ಸುತ್ತ ಎರಡು ಪ್ಲಾಸ್ಟಿಕ್, ಅದರ ಮೇಲೆ ಅವನ ಹೊಸ ಸ್ವೆಟರ್. ತಲುಪಿದಾಗ ಬಾಟಲಿಯಲ್ಲಿ ಏನೂ ಉಳಿದಿರಲಿಲ್ಲ, ಬೂದು ಸ್ವೆಟರ್ ಕಪ್ಪಾಗಿತ್ತು. ಬ್ಯಾರಕ್ಕಿಡೀ ಹುಳಿ ವಾಸನೆ ಅಂತೆ. ಪಂಜಾಬಿ ಹುಡುಗನೊಬ್ಬ "ಏನು ಸತ್ತಿದೆ?" ಅಂತ ಕೇಳಿದನಂತೆ. ದ್ರವ ಬೇಡ, ಜೇನೂ ಬೇಡ. ಅದನ್ನೆಲ್ಲ ರಜೆ ಮುಗಿಸಿ ಹೋಗುವಾಗ ಅವನೇ ಒಯ್ಯಲಿ. ಲೈಟರ್, ಬೆಂಕಿಪೊಟ್ಟಣವನ್ನಂತೂ ಪಾರ್ಸೆಲಿನಲ್ಲಿ ಹಾಕುವಂತೆಯೇ ಇಲ್ಲ.

ಹಿಮ ಬೀಳುವ ಕಡೆ ಇದ್ದರೆ ಚಳಿಗಾಲದಲ್ಲಿ ದಾರಿ ಮುಚ್ಚುತ್ತದೆ. ಡಿಸೆಂಬರಿಗೆ ತಲುಪಬೇಕಾದ್ದನ್ನು ಕಾವೇರಿ ಸಂಕ್ರಮಣಕ್ಕೆ ಮುಂಚೆ, ಅಂದರೆ ಅಕ್ಟೋಬರ್ ಮಧ್ಯದೊಳಗೆ ಕಳಿಸಿಬಿಡಿ.

ನೌಕಾಪಡೆಯಾದರೆ ಎಪಿಒ ಬದಲು ಹಡಗಿನ ಹೆಸರು ಮತ್ತು ಫ್ಲೀಟ್ ಮೇಲ್ ಆಫೀಸ್. ಹಡಗು ಸಮುದ್ರಕ್ಕೆ ಇಳಿದರೆ ದಿನಗಟ್ಟಲೆ, ಸಬ್‌ಮರೀನ್ ಆದರೆ ಇನ್ನೂ ಜಾಸ್ತಿ ದಿನ ಸದ್ದೇ ಇರುವುದಿಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಿಶ್ವಸಂಸ್ಥೆಯ ಪಡೆಯಲ್ಲಿ ಹೋದರೆ ಗಡಿಯಾರ ನೋಡಿ ಫೋನ್ ಮಾಡಿ. ದಕ್ಷಿಣ ಸುಡಾನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ ಆರಕ್ಕೆ ಅಲ್ಲಿ ನಡುರಾತ್ರಿ ಎರಡೂವರೆ. ನಮ್ಮ ಜನರಲ್ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ನ ಶಾಂತಿಪಡೆಯನ್ನು ನಡೆಸಲು ಹೋದ ಕಾಲಕ್ಕೆ ಈ ಲೆಕ್ಕವೇ ಬೇಕಿರಲಿಲ್ಲ, ಇದ್ದದ್ದೇ ಕಾಗದ ಮತ್ತು ತಂತಿ.

6. ಏನು ಹೇಳಬಾರದು

ನಮ್ಮವರಿಗೆ ಇದು ಕಷ್ಟ. ಮದುವೆ ಬಯೋಡೇಟಾದಲ್ಲೇ ಯೂನಿಟ್, ಈಗಿರುವ ಜಾಗ, ಬರುವ ಟ್ರಾನ್ಸ್‌ಫರ್ ಎಲ್ಲ ಬರೆದು ಗ್ರೂಪಿಗೆ ಬಿಡುತ್ತೇವೆ! "ಸೇನೆಯಲ್ಲಿ ನಾಯಕ್" ಅಂತ ಬರೆದರೆ ಸಾಕು. ಉಳಿದದ್ದು ಹೆಣ್ಣಿನ ಮನೆಯವರು ಎದುರು ಕೂತಾಗ.

ರೈಲು ಹತ್ತುವ ಫೋಟೋ, ಯೂನಿಫಾರ್ಮಿನ ಭುಜದ ಪಟ್ಟಿ ಕಾಣುವ ಫೋಟೋ, "ನಾಳೆ ಹೊರಡ್ತಾನೆ" ಅನ್ನೋ ಸ್ಟೇಟಸ್ ಬೇಡ. ಸೇನೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆಯಲು ತನ್ನವರಿಗೆ ಹೇಳಿದ್ದು ಸುಮ್ನೆ ಅಲ್ಲ. ಅವನು ತೆಗೆದ ಮೇಲೆ ಅವನ ಪರವಾಗಿ ನಾವು ಹಾಕಿದರೆ ಏನು ಬಂತು?

ಫೋನಿನಲ್ಲೂ "ಎಲ್ಲಿದ್ದೀಯ, ಎಷ್ಟು ಜನ, ಯಾವಾಗ ಮುಂದೆ ಹೋಗ್ತೀರ" ಕೇಳಬೇಡಿ. "ಊಟ ಏನು? ನಿದ್ದೆ ಬರ್ತಿದೆಯಾ? ಕೈಕಾಲು ಒಡೆದಿದೆಯಾ?" ಇದನ್ನು ಕೇಳಿ. ಜಾಗಕ್ಕೆ ಗುಟ್ಟಿನ ಪದ ಇಟ್ಟುಕೊಳ್ಳುವ ಜಾಣತನವೂ ಬೇಡ. "ಕೆಲವು ದಿನ ಫೋನ್ ಸಿಗಲ್ಲ" ಅಂತ ಅವನು ಹೇಳಿದರೆ ಅಷ್ಟು ಸಾಕು. ಅಧಿಕಾರಿ ಅಂತ ಹೇಳಿಕೊಂಡು ಯಾರಾದರೂ ಫೋನ್ ಮಾಡಿ ಮಗ ಯಾವ ಕಡೆ ಇದ್ದಾನೆ ಅಂತ ಕೇಳಿದರೆ ಇಟ್ಟುಬಿಡಿ. ನಿಜವಾದ ಅಧಿಕಾರಿಗೆ ಅದು ನಿಮ್ಮಿಂದ ತಿಳಿಯಬೇಕಿಲ್ಲ. "ಮಗನಿಗೆ ಅಪಘಾತ, ಚಿಕಿತ್ಸೆಗೆ ದುಡ್ಡು ಕಳಿಸಿ" ಅಂದರೂ ಅಷ್ಟೇ. ಮಿಲಿಟರಿ ಆಸ್ಪತ್ರೆಯಲ್ಲಿ ಜವಾನನ ಚಿಕಿತ್ಸೆಗೆ ಮನೆಯವರಿಂದ ದುಡ್ಡು ಕೇಳುವುದಿಲ್ಲ.

7. ಸುದ್ದಿ ಬಾರದ ದಿನಗಳು

ಆಪರೇಷನ್ ಸಿಂಧೂರ ನಡೆದ 2025ರ ಮೇ 7ರಿಂದ 10ರವರೆಗೆ ನಾವು ಟಿವಿ ಆರಿಸಲೇ ಇಲ್ಲ. ಅದು ತಪ್ಪು. ಆ ದಿನಗಳಲ್ಲಿ ಎಷ್ಟು ಸುಳ್ಳು ಸುದ್ದಿ ಹರಿದಾಡಿತು ಅಂತ ಆಮೇಲೆ ಗೊತ್ತಾಯಿತು. ನಾಲ್ಕನೇ ದಿನ ನಮ್ಮ ಮನೆಯವರು ರಿಮೋಟಿನ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡರು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಅಷ್ಟೇ ನೋಡುವುದು.

ಏನಾದರೂ ಆದರೆ ಸೇನೆ ಮೊದಲು ತಿಳಿಸುವುದು ದಾಖಲೆಯಲ್ಲಿರುವ ಮನೆಯವರಿಗೆ. ಅದಕ್ಕೇ ನಂಬರ್ ಸರಿ ಇರಬೇಕು ಅಂದದ್ದು. ಗ್ರೂಪಿನಲ್ಲಿ ಬಂದ ಹೆಸರು, ಫೋಟೋ ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ಅದು ಬೇರೆ ಯಾವುದೋ ತಾಯಿಯ ಫೋನಿಗೆ ಹೋಗಿ ಬೀಳುತ್ತದೆ.

ಸುಮ್ಮನೆ ಕೂರಲು ಆಗದಿದ್ದರೆ ಅವನಿಗೊಂದು ಕಾಗದ ಬರೆಯಿರಿ. ಹಾಗೆ ಬರೆದು ಕಳಿಸದೇ ಇಟ್ಟ ನಾಲ್ಕು ಕಾಗದ ನನ್ನ ಹತ್ತಿರ ಇವೆ.

8. ಮನೆಯಲ್ಲಿ ತುರ್ತು ಬಂದರೆ

ಹಿಂದೆ ಒಂದು ತಂತಿ ಕೊಟ್ಟರೆ ಆಗುತ್ತಿತ್ತು, "ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ" ಅಂತ. ಎಷ್ಟೋ ತಾಯಂದಿರು ಮಗನಿಗೆ ರಜೆ ಸಿಗಲಿ ಅಂತ ತಂತಿಯಲ್ಲೇ ಕಾಯಿಲೆ ಬಿದ್ದಿದ್ದರು. 2013ರ ಜುಲೈಗೆ ತಂತಿ ಸೇವೆ ನಿಂತಿತು. ಸುಳ್ಳಿನ ಫಲ ಮಾತ್ರ ಉಳಿದಿದೆ. ಈಗ ಯೂನಿಟ್‌ನವರು ಖಾತ್ರಿ ಕೇಳುತ್ತಾರೆ.

ಹಾಗಾಗಿ ಹೀಗೆ ಮಾಡಿ. ಮೊದಲು ಅವನಿಗೇ ಪ್ರಯತ್ನಿಸಿ. ಸಿಗದಿದ್ದರೆ ಹಾಳೆಯಲ್ಲಿರುವ ಯೂನಿಟ್ ನಂಬರಿಗೆ ಮಾಡಿ ಸುಬೇದಾರ್ ಮೇಜರ್ ಅಥವಾ ಕಂಪನಿಯ ಸೀನಿಯರ್ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಜೊತೆ ಮಾತಾಡಿ. ಅದೂ ಆಗದಿದ್ದರೆ ರೆಕಾರ್ಡ್ ಆಫೀಸ್, ಜೊತೆಗೆ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಅಳುತ್ತಾ ಮಾತಾಡಿದರೆ ಅವರಿಗೆ ಅರ್ಥವಾಗುವುದಿಲ್ಲ, ಬರೆದುಕೊಂಡು ಓದಿ: ಅವನ ನಂಬರ್, ಹೆಸರು, ಕಂಪನಿ. ರೋಗಿಗೆ ಅವನೇನಾಗಬೇಕು. ಯಾವ ಆಸ್ಪತ್ರೆ, ಡಾಕ್ಟರ ಹೆಸರು, ಅಲ್ಲಿಯ ಫೋನ್. ನಿಮ್ಮದೇ ನಂಬರ್ ಎರಡು ಸಲ. ಹಿಂದಿ ಬಾರದಿದ್ದರೆ ಊರಿನ ಯಾರಾದರೂ ಮಾಜಿ ಸೈನಿಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೊಡಗಿನಲ್ಲಿ ಅವರಿಗೇನು ಬರವೇ? ಆಸ್ಪತ್ರೆಯಿಂದ ಒಂದು ಚೀಟಿ ಬರೆಸಿಡಿ, ರಜೆಗೆ ಬೇಕಾಗಬಹುದು.

ತುರ್ತಲ್ಲದ ರಜೆಗೆ ಒಂದೇ ಮಾತು. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ಅಗ್ನಿವೀರರಿಗೆ 30 ದಿನ ಮಾತ್ರ. ಅದೂ ಸರದಿಯಲ್ಲಿ ಸಿಗಬೇಕು. ಹಾಲ್ ಬುಕ್ ಮಾಡಿ ಆಮೇಲೆ "ಹೇಗಾದರೂ ಬಾ" ಅನ್ನಬೇಡಿ. ಪುತ್ತರಿಗೇ ಬರಬೇಕು ಅಂತ ಹಟ ಹಿಡಿಯಬೇಡಿ. ಕೈಲ್‌ಪೊಳ್ದ್ ಹಬ್ಬಕ್ಕೋ ಕಾಫಿ ಕೊಯ್ಲಿಗೋ ಬಂದರೂ ಬಂದಂತೆಯೇ.

ಕಳೆದ ಸಲ ಅವನು ಬಂದು ಹೋಗುವಾಗ ಕ್ಯಾಲೆಂಡರಿನ ಹಿಂದಿನ ಹಾಳೆ ಹೊಸದಾಗಿ ಬರೆದೆವು. ಕಂಪನಿ ಬದಲಾಗಿತ್ತು, ಪಿನ್ ಬದಲಾಗಿತ್ತು. ನಾನು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಸೇರಿತ್ತು, ಅವನ ಕೋಳಿಕಾಲಿನ ಅಕ್ಷರದಲ್ಲಿ: "ಕಾಣದ ನಂಬರ್ ಬಂದರೆ ಎತ್ತು ಅವ್ವಾ."